ಮರವಿಲ್ಲದ ಧೂಪದ ಮರ

ಸುಳ್ಯದಿಂದ ಪುತ್ತೂರಿಗೆ ಬರುವ ದಾರಿಯಲ್ಲಿ ನಮ್ಮ ಮನೆಗೆ ಇಳಿಯುವ ಜಾಗದ ಹೆಸರು ಧೂಪದ ಮರ. ಮರವೇನೋ ನಾನು ಹುಟ್ಟುವ ಮೊದಲೇ ಗಾಳಿಗೆ ಬಿದ್ದು ಯಾರದೋ ಒಲೆ ಸೇರಿತ್ತು. ಆದರೂ ಮದುವೆ ಕಾಗದದಲ್ಲಿ ಅದೇ ಹೆಸರು, ನೆಂಟರ ಬಾಯಲ್ಲೂ ಅದೇ.

ಎಂಬತ್ತರ ಸುಮಾರಿಗೆ ಆ ದಾರಿಯ ಬಸ್ಸುಗಳ ಧಣಿಗೊಬ್ಬ ಅಳಿಯ ಸಿಕ್ಕಿದ. ಕಾಲೇಜು ಕಲಿತವನು. ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಈ ಮಹಾಶಯನೂ ಸ್ಟಾಪುಗಳ ಹೆಸರನ್ನೆಲ್ಲ ಒಗೆಯಲು ಕೂತ. ಗೇಟಿಲ್ಲದ ಹಳೇಗೇಟು ಹೋಯಿತು. ಧೂಪದ ಮರ ಅಳಿಸಿ ‘ಪಂಚಾಯತ್ ಕಚೇರಿ’ ಎಂದು ಬರೆಸಿದ. ಹಳೆಯ ಹೆಸರು ಕೂಗಿದ ಕಂಡಕ್ಟರನಿಗೆ ಬೈಗುಳ.

ಅಪ್ಪ ಹೋಗಿ ಹೇಳಿದರು: “ಸ್ವಲ್ಪ ಕಾಲ ಎರಡೂ ಹೆಸರು ಇರ್ಲಿ. ಕೇಳುವವರು ಇಲ್ಲದಾಗ ಹಳೆಯದು ತಾನಾಗಿ ಹೋಗ್ತದೆ.”

“ಇಲ್ಲದ ಮರಕ್ಕೆ ಟಿಕೇಟು ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದು ಅವನು ನಕ್ಕ.

“ಮರ ಇಲ್ಲದಿದ್ರೆ ಎಂತ? ಇಳಿಯುವವರು ಉಂಟಲ್ಲ.”

ಅಷ್ಟು ಸಣ್ಣ ಮಾತು ಅಷ್ಟು ದೊಡ್ಡ ತಲೆಗೆ ಹೋಗಲಿಲ್ಲ. ಬಣ್ಣ ಬಳಿದ ಹಲಗೆಗಳನ್ನು ನೋಡಿ ಅವನು ಬೀಗಿದ್ದೇ ಬೀಗಿದ್ದು. ಜನ ಹೆಸರು ಮರೆಯುವುದು ಬಣ್ಣ ಒಣಗಿದಷ್ಟು ಬೇಗ ಎಂದು ಆ ಪಂಡಿತನಿಗೆ ಯಾರು ಕಲಿಸಿದ್ದರೋ.

ಮುಂದಿನ ಮಳೆಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದರು. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, “ಅಕ್ಕ ಬಂದಳಾ?” ಅವರನ್ನು ಎತ್ತಿ ಬೆಳೆಸಿದ ಅಕ್ಕ, ನನ್ನ ಸೋದರತ್ತೆ, ಸುಳ್ಯದಿಂದಾಚೆ ಮಂಡೆಕೋಲಿನಲ್ಲಿದ್ದರು. ಹೇಳಿಕಳಿಸಿದೆವು. ಹಲಗೆ ಬದಲಾದ ಮೇಲೆ ಅವರು ನಮ್ಮ ಕಡೆ ಬಂದೇ ಇರಲಿಲ್ಲ.

ಸುದ್ದಿ ಮುಟ್ಟಿದೊಡನೆ ಅತ್ತೆ ಹೊರಟರು. ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನನ್ನು ಕೇಳಿದರು, “ಧೂಪದ ಮರಕ್ಕೆ ಹೋಗ್ತದಾ?” ಘಟ್ಟದ ಮೇಲಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದವನು ಅವನು. “ಅಂಥ ಸ್ಟಾಪೇ ಇಲ್ಲ ಅಜ್ಜಿ” ಎಂದು ರೈಟ್ ಹೇಳಿಬಿಟ್ಟ. ಹಿಂದೆ ಬಂದ ಬಸ್ಸೂ ಅದೇ ಧಣಿಯದು, ಉತ್ತರವೂ ಅದೇ. ಖಾಕಿ ಅಂಗಿಯವರ ಮಾತಿಗೆ ಅತ್ತೆ ಎದುರಾಡಿದವರಲ್ಲ. ನಮ್ಮ ಕಡೆಗೆ ಬಸ್ಸು ಓಡುವುದೇ ನಿಂತುಹೋಗಿರಬೇಕು ಎಂದುಕೊಂಡು, ಮಗನನ್ನು ಕರೆದುಕೊಂಡು ಬರೋಣವೆಂದು ಮಳೆಯಲ್ಲಿ ಮಂಡೆಕೋಲಿಗೆ ತಿರುಗಿದರು.

ಮರುದಿನ ಮಗನ ಜೊತೆ ಅವರು ಅಂಗಳಕ್ಕೆ ಕಾಲಿಟ್ಟಾಗ ಅಪ್ಪನನ್ನು ಹೊರಗೆ ಮಲಗಿಸಿ ಆಗಿತ್ತು.

ನನಗೆ ಆ ಅಳಿಯನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಅತ್ತೆಗೆ ಮಾತ್ರ ಯಾರ ಮೇಲೂ ಸಿಟ್ಟಿರಲಿಲ್ಲ. ಹೆಸರು ಬದಲಾದದ್ದು ತಿಳಿದ ಮೇಲೆ, ತಪ್ಪು ಹೆಸರು ಹೇಳಿದ್ದು ತಾನೇ ಎಂದು ನಂಬಿಬಿಟ್ಟಿದ್ದರು. ದಹನ ಮುಗಿದು ಹೊರಡುವಾಗ ನನ್ನನ್ನು ಮೂಲೆಗೆ ಕರೆದು, ಯಾರಿಗೂ ಕೇಳಿಸದಂತೆ ಹೇಳಿದರು:

“ಆ ಹೊಸ ಹೆಸರು ಎಂತದು ಮಗಾ? ಸರೀ ಹೇಳಿಕೊಡು. ಅವನ ಹದಿಮೂರರ ಬೊಜ್ಜಕ್ಕಾದ್ರೂ ಬರ್ಬೇಕಲ್ಲ.”