ಬೋರ್ಡಕ್ಕನ ಕಂಪ್ಯೂಟರ್ ತಾನಾಗಿ ಎದ್ದದ್ದು

ನಮ್ಮ ಬೀದಿಯ ಅರ್ಧ ಅಂಗಡಿಗಳ ಹೆಸರು ಬರೆದವಳು ಅವಳು. ಹಾಗಾಗಿ ಎಲ್ಲರ ಬಾಯಲ್ಲೂ ಬೋರ್ಡಕ್ಕ. ಪ್ಲಾಸ್ಟಿಕ್ ಬೋರ್ಡುಗಳು ಬಂದು, ಬ್ರಷ್ ಹಿಡಿದವರೆಲ್ಲ ಬೇರೆ ಕೆಲಸ ನೋಡಿಕೊಂಡರೂ ಇವಳು ಏಣಿ ಇಳಿಯಲಿಲ್ಲ. ಒಂದು ಅಂಗಡಿಗೆ ಬರೆದ ಅಕ್ಷರವನ್ನು ಇನ್ನೊಂದಕ್ಕೆ ಬರೆಯುತ್ತಿರಲಿಲ್ಲ. “ಬೇಕರಿ ಅಕ್ಷರ ಉಬ್ಬಿರ್ಬೇಕು, ಹಲ್ಲಿನ ಡಾಕ್ಟರ್ದು ನೋಡಿದ್ರೆ ನೋಯ್ಬಾರ್ದು” ಎಂದು ನಗಿಸುತ್ತಿದ್ದಳು.

ಮನೆಯಲ್ಲಿ ಅವಳು, ಅವಳಿಗಿಂತ ತುಂಬ ಚಿಕ್ಕವನಾದ ತಮ್ಮ. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ಅವಳೇ. ಅವನು ಓದು ಮುಗಿಸಿ, ಕಂಪ್ಯೂಟರಿಗೆ ಬಗೆಬಗೆಯ ಅಕ್ಷರಗಳನ್ನು, ಅಂದರೆ ಫಾಂಟುಗಳನ್ನು, ತಯಾರಿಸುವ ಒಂದು ಕಂಪನಿ ಸೇರಿ, ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಮಾಡಿಕೊಂಡ. ಬೋರ್ಡಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು, “ನಂದು ಗೋಡೆ, ಅವಂದು ಪರದೆ. ಕಸುಬು ಒಂದೇ.”

ಗೋಡೆಗೆ ಬರೆಯುವ ಮೊದಲು ಅವಳು ತೆಗೆದ ಅಕ್ಷರಗಳ ಪೆನ್ಸಿಲ್ ಚಿತ್ರಗಳು ಕಬ್ಬಿಣದ ಪೆಟ್ಟಿಗೆಯಲ್ಲಿ ಹುಳ ಹಿಡಿಯುತ್ತಿದ್ದವು. ತಮ್ಮ ಒಂದೊಂದನ್ನೇ ಸ್ಕ್ಯಾನ್ ಮಾಡಿ, ಮೆಟ್ಟಿಲ ಕೆಳಗೊಂದು ಕಂಪ್ಯೂಟರ್ ಇಟ್ಟು ಅದರಲ್ಲಿ ಜೋಡಿಸಿಕೊಟ್ಟ.

“ಇಡೀ ದಿನ ಇದು ಸುಮ್ನೆ ಯಾಕೆ ಉರೀಬೇಕಕ್ಕ? ನಿದ್ದೆ ಮಾಡ್ಲಿ. ಬೇಕಾದಾಗ ನೀನು ಏಣಿ ಮೇಲಿಂದಾನೇ ಎಬ್ಬಿಸ್ಬೋದು.”

“ಅದೇನು ಕೂಗಿದ್ರೆ ಕೇಳುತ್ತಾ?”

“ಕಿವಿ ಮಾತ್ರ ತೆರೆದಿಟ್ಕೊಂಡು ಮಲಗುತ್ತೆ. ನೀನು ಫೋನಲ್ಲಿ ಇದನ್ನ ಒತ್ತಿದ್ರೆ ಸುದ್ದಿ ಇಂಟರ್ನೆಟ್ಟಲ್ಲಿ ನಮ್ಮನೆ ರೂಟರ್ ತನಕ ಬರುತ್ತೆ. ರೂಟರ್ ಅದನ್ನ ಒಳಗೆ ಬಿಡುತ್ತೆ. ಪ್ರತಿ ಕಂಪ್ಯೂಟರಿಗೂ ಒಂದು ನಂಬರ್ ಇರುತ್ತೆ, ಆ ಸುದ್ದೀಲಿ ತನ್ನ ನಂಬರ್ ಕೇಳಿಸ್ತಿದ್ದ ಹಾಗೇ ಇದು ಎದ್ದು ಕೂರುತ್ತೆ.”

ಹೊರಗಿನಿಂದ ಬಂದ ಯಾವ ಸುದ್ದಿಯನ್ನು ಒಳಗೆ ಬಿಡಬೇಕೆಂದು ರೂಟರಿಗೆ ಕಲಿಸಿದವನು ಅವನೇ. ಪಾಸ್‌ವರ್ಡ್ ಇಟ್ಟವನೂ ಅವನೇ. ಬೋರ್ಡಕ್ಕನಿಗೆ ಅದು ಹಬ್ಬವಾಯಿತು. ಯಾವುದೋ ಬೀದಿಯ ಗೋಡೆಯೆದುರು ನಿಂತು ಫೋನು ಒತ್ತುವಳು. ಸ್ವಲ್ಪ ಹೊತ್ತಿಗೆ ಹಳೆಯ ಚಿತ್ರ ಅಂಗೈಗೆ ಬರುವುದು. ಅಂಗಡಿಯವರಿಗೆ ತೋರಿಸಿ, “ನಮ್ಮ ಹುಡುಗ ಮಾಡಿದ್ದು” ಎನ್ನುವಳು.

ಆ ಹುಡುಗ ದಿನಾ ಮಧ್ಯಾಹ್ನ ತಪ್ಪದೆ ಫೋನು ಮಾಡುತ್ತಿದ್ದ. “ಅಕ್ಕ, ಇವತ್ತು ಯಾವ ಕಡೆ ಕೆಲಸ? ಊಟ ಆಯ್ತಾ? ಮನೆಗೆ ಎಷ್ಟೊತ್ತಿಗೆ?” ಅವಳಿಗೆ ಊಟಕ್ಕಿಂತ ಆ ಮಾತಿನಿಂದಲೇ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ಜ್ವರ ಬಂದು ಅವಳು ಮನೆಯಲ್ಲೇ ಮಲಗಿದ್ದಳು. ಚಾರ್ಜಿಲ್ಲದೆ ಫೋನು ಆರಿಹೋಗಿತ್ತು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಗುರ್ ಎಂದು ಫ್ಯಾನ್ ತಿರುಗಿದ ಸದ್ದು. ಎದ್ದು ಬಂದು ನೋಡಿದರೆ ಕಂಪ್ಯೂಟರ್ ಎಚ್ಚರವಾಗಿದೆ, ದೀಪ ಮಿಣಮಿಣ ಅನ್ನುತ್ತಿದೆ. ಗೋಡೆ ಹಿಡಿದು ನಿಂತೇ ಇದ್ದಳು. ಕೊನೆಗೆ ಅದು ತಾನಾಗಿಯೇ ಮಲಗಿತು.

ಸಂಜೆ ತಮ್ಮನಿಗೆ ಹೇಳಿದಳು. ಅವನು ನಕ್ಕ. “ಕರೆಂಟು ಹೆಚ್ಚುಕಮ್ಮಿ ಆದ್ರೆ ಹಂಗಾಗುತ್ತೆ. ಜ್ವರದಲ್ಲಿ ಅದ್ರ ಮುಂದೆ ಯಾಕೆ ನಿಂತೆ, ಮಲಗಬಾರ್ದಿತ್ತಾ?” ಅವಳು ನಂಬಿದಳು. ಅವನ ಮಾತನ್ನು ಅನುಮಾನಿಸುವುದು ಅವಳಿಗೆ ಗೊತ್ತೇ ಇರಲಿಲ್ಲ.

ಕೆಲವು ವಾರಗಳ ಮೇಲೆ ರೂಟರ್ ಕೆಟ್ಟಿತು. ಇಂಟರ್ನೆಟ್ಟಿನವನು ಬೆಳಿಗ್ಗೆ ಬಂದು ಹೊಸದನ್ನು ಹಾಕಿಹೋದ. ಹೊಸದಕ್ಕೆ ಹಳೆಯದರ ಪಾಠ ಎಲ್ಲಿಂದ ಬರಬೇಕು? ಮಧ್ಯಾಹ್ನ ತಮ್ಮನ ಫೋನು ಬಂದುಹೋದ ಮೇಲೆ ಏಣಿಯ ಮೇಲಿಂದ ಬೋರ್ಡಕ್ಕ ಎಷ್ಟು ಒತ್ತಿದರೂ ಕಂಪ್ಯೂಟರ್ ಏಳಲಿಲ್ಲ. ರಾತ್ರಿ ತಮ್ಮನಿಗೆ ಹೇಳಿದರಾಯಿತು ಎಂದುಕೊಂಡು ಫೋನು ಜೇಬಿಗೆ ಹಾಕಿದಳು. ಹಾಕುತ್ತಿದ್ದಂತೆ ಅದು ಬಡಿದುಕೊಂಡಿತು.

“ಅಕ್ಕ, ರೂಟರ್ ಏನಾದ್ರೂ ಬದಲಾಯಿಸಿದ್ಯಾ? ಏಳ್ತಾನೇ ಇಲ್ಲ...”

“ಏನು ಏಳ್ತಾ ಇಲ್ಲ?”

“ಅಲ್ಲ, ಸುಮ್ನೆ ಕೇಳಿದೆ.”

“ನಾನಿನ್ನೂ ಯಾರಿಗೂ ಹೇಳಿಲ್ವಲ್ಲೋ. ನಿಂಗೆ ಹೆಂಗೆ ಗೊತ್ತಾಯ್ತು?”

“ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಟ್ಟ. ಬೋರ್ಡಕ್ಕ ಅರ್ಧ ಬರೆದ ಹೆಸರನ್ನು ಹಾಗೇ ಬಿಟ್ಟು ಕೆಳಗಿಳಿದಳು. ಅವಳು ಹಾಗೆ ಮಾಡಿದ್ದನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ.

ರಜಾದಿನ ಅವನು ಬಂದ. ಚಪ್ಪಲಿ ಬಿಡುವಾಗಲೇ ಮುಖ ಸಣ್ಣದಾಗಿತ್ತು. ಕೇಳುವ ಮೊದಲೇ ಹೇಳಿದ. “ಕಂಪನೀಲಿ ಹೊಸ ಅಕ್ಷರ ತಾ, ತಾ ಅಂತ ಪ್ರಾಣ ತಿಂತಿದ್ರು. ನನ್ನ ಕೈಲಿ ಆಗ್ಲಿಲ್ಲ. ಒಂದೇ ಒಂದು ಸಲ ಅಂತ ಅಲ್ಲಿಂದಾನೇ ಕಂಪ್ಯೂಟರ್ ಎಬ್ಬಿಸಿ ನಿನ್ನ ಚಿತ್ರ ತಗೊಂಡೆ. ಎಲ್ರೂ ಹೊಗಳಿದ್ರು. ಆಮೇಲೆ...” ಫೋನು ತೆರೆದು ತೋರಿಸಿದ. ಬೇಕರಿಯ ಅಕ್ಷರ, ಔಷಧಿ ಅಂಗಡಿಯ ಅಕ್ಷರ, ಸೈಕಲ್ ರಿಪೇರಿಯವನ ಗೋಡೆಯ ಅಕ್ಷರ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಕೆಳಗೂ ರಚಿಸಿದವರು ಎಂದು ಅವನ ಹೆಸರು.

“ಕೇಳಿದ್ರೆ ಪೆಟ್ಟಿಗೇನೇ ಎತ್ಕೊಡ್ತಿದ್ನಲ್ಲೋ.”

“ಮನೇದೇ ಅಲ್ವಾ ಅಂತ...”

“ಮನೇದಾದ್ರೆ ನನ್ನ ಹೆಸರು ಎಲ್ಲಿ?”

ಅವನು ಫೋನು ಆರಿಸಿ ಜೇಬಿಗೆ ಹಾಕಿದ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ದನಿ ತೀರ ಕೆಳಗಿತ್ತು.

“ದಿನಾ ಊಟ ಆಯ್ತಾ ಅಂತಿದ್ದೆ. ಅದು ನಾನು ಮನೇಲಿಲ್ಲ ಅಂತ ತಿಳ್ಕೊಳ್ಳೋಕಾ?”

ಅವನು ನೆಲ ನೋಡಿದ. ಅಕ್ಷರ ಕದ್ದದ್ದನ್ನು ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆ ತಗ್ಗಿದ ತಲೆಯನ್ನು ನುಂಗಿಕೊಳ್ಳಲಾಗಲಿಲ್ಲ. ಅವನಿಗೆ ಹಾಕಿಟ್ಟಿದ್ದ ತಟ್ಟೆಯನ್ನು ಎತ್ತಿ ಒಳಗಿಟ್ಟಳು.

ಮಾರನೆಯ ದಿನ ಪೆಟ್ಟಿಗೆಯಿಂದ ಚಿತ್ರಗಳನ್ನು ತೆಗೆದು ಸುರುಳಿ ಸುತ್ತಿಕೊಂಡು ಅವನ ಕಂಪನಿಗೆ ಹೋದಳು. ಅಲ್ಲಿಯ ಮುಖ್ಯಸ್ಥೆ ಒಂದೊಂದನ್ನೇ ಮೇಜಿನ ಮೇಲೆ ಹರಡಿ ನೋಡಿದರು. “ಅಮ್ಮ, ನಮಗೆ ಇದು ಗೊತ್ತಿರಲಿಲ್ಲ. ಹೆಸರು ಸರಿಮಾಡ್ತೀವಿ. ನಿಮ್ಮ ತಮ್ಮನ ಮೇಲೆ ಏನು ಕ್ರಮ ತಗೊಳ್ಳೋಣ, ನೀವೇ ಹೇಳಿ.”

“ಅದು ನಿಮಗೆ ಬಿಟ್ಟಿದ್ದು. ನಾನು ಬಂದಿದ್ದು ನನ್ನ ಅಕ್ಷರಕ್ಕೆ.”

ಹೆಸರು ಬದಲಾಯಿತು. ತಮ್ಮನನ್ನು ಯಾರೂ ತೆಗೆಯಲಿಲ್ಲ, ಅವನೇ ಬಿಟ್ಟು ಬೇರೆಲ್ಲೋ ಸೇರಿದ. ಬೋರ್ಡಕ್ಕ ಇಂಟರ್ನೆಟ್ಟಿನವನ ಪಕ್ಕದಲ್ಲೇ ಕುಳಿತು, ಹೊಸ ರೂಟರಿಗೆ ಸುದ್ದಿ ಒಳಬಿಡುವುದನ್ನು ತಾನೇ ಕಲಿಸಿದಳು. ಪಾಸ್‌ವರ್ಡ್ ಹಾಕುವಾಗ ಅವನಿಗೂ ಆ ಕಡೆ ತಿರುಗು ಎಂದಳಂತೆ.

ತಿಂಗಳುಗಳಾದ ಮೇಲೆ ತಮ್ಮ ಒಮ್ಮೆ ನಮ್ಮ ಬೀದಿಗೆ ಬಂದ. ಅವಳು ಕನ್ನಡಕದ ಅಂಗಡಿಯ ಹೆಸರಿಗೆ ಮರುಬಣ್ಣ ಬಳಿಯುತ್ತಿದ್ದಳು. ಏಣಿಯ ಬುಡದಲ್ಲಿ ನಿಂತು “ಅಕ್ಕ” ಎಂದ.

ಅವಳು ಕೆಳಗೆ ನೋಡಿದಳು. “ಬಣ್ಣ ಬೀಳುತ್ತೆ. ಆಚೆ ನಿಂತ್ಕೋ.”

ಅವನು ರಸ್ತೆಯ ಆಚೆ ಬದಿಗೆ ಹೋಗಿ ತುಂಬ ಹೊತ್ತು ನಿಂತಿದ್ದ. ಅವಳು ಆ ಸಾಲು ಮುಗಿಸಿದಳು, ಮುಂದಿನ ಸಾಲಿಗೆ ಬ್ರಷ್ ಅದ್ದಿದಳು. ಬಸ್ಸೊಂದು ಬಂದು ನಿಂತು ಹೋದ ಮೇಲೆ ನೋಡಿದರೆ ಅವನು ಅಲ್ಲಿರಲಿಲ್ಲ.