ಟ್ಯೂಬ್ ಹಾಕುವಾಗ ಅಮ್ಮನ ಕೆಲಸ

ಆಲೂರಿನಿಂದ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಓಡಾಡುವ ನಾನು ಅಲ್ಲಿ ಮಕ್ಕಳ ಐಸಿಯುನಲ್ಲಿ ನರ್ಸ್. ಕೊರೊನಾಗೆ ಮುಂಚೆ, ಉಸಿರಾಡಲಾಗದ ಮಗುವಿನ ಗಂಟಲಿಗೆ ಟ್ಯೂಬ್ ಹಾಕಬೇಕೆಂದರೆ ನಮ್ಮಲ್ಲಿ ಮದುವೆ ಮನೆಯ ಗದ್ದಲ. ಮೊದಲು ಕಲಿಯುವ ಡಾಕ್ಟರು ಕೈ ಹಾಕುವುದು, ಆಗದಿದ್ದರೆ ಅವರಿಗಿಂತ ಹಿರಿಯರು, ಕೊನೆಗೆ ಎಲ್ಲರಿಗೂ ದೊಡ್ಡವರಾದ ನಮ್ಮ ಮೇಡಂ. ಕೆಲಸವಿಲ್ಲದವರೂ ಕತ್ತು ಚಾಚಿ ನೋಡುತ್ತಿದ್ದರು. ಆ ಗದ್ದಲದಲ್ಲಿ ಅಮ್ಮನೂ ಹೇಗೋ ನುಸುಳಿ ಮಗುವಿನ ಕಾಲು ಹಿಡಿದು ನಿಂತಿರುತ್ತಿದ್ದಳು.

ಕೊರೊನಾ ಬಂದದ್ದೇ ಎಲ್ಲ ತಲೆಕೆಳಗಾಯಿತು. ಟ್ಯೂಬ್ ಹಾಕುವಾಗ ಮಗು ಕೆಮ್ಮಿದರೆ ನಮಗೆಲ್ಲ ಸೋಂಕು ತಗಲುವ ಭಯ. ಹಾಗಾಗಿ ಒಳಗೆ ಮೂರೇ ಜನ, ಮೊದಲ ಕೈಯೇ ಮೇಡಂದು. ಬಗ್ಗಿ ಬಾಯೊಳಗೆ ಇಣುಕುವ ಬದಲು ಕ್ಯಾಮೆರಾ ಇಳಿಸಿ, ಪರದೆ ನೋಡಿ ಹಾಕುವುದು. ಮೈಯೆಲ್ಲ ಮುಚ್ಚುವ ಬಿಳಿ ಸೂಟು, ಮಾಸ್ಕಿನೊಳಗಿಂದ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಒಳಗೆ ಹೋಗುವ ಮೊದಲೇ ಮೇಡಂ ಬಾಯಿಪಾಠ ಮಾಡಿಸುತ್ತಿದ್ದರು: “ಟ್ಯೂಬ್ ನಾನು. ಔಷಧಿ ಚಿಕ್ಕ ಡಾಕ್ಟರು. ಸಾಮಾನು ಸಿಸ್ಟರು.” ನಾವೂ ತಿರುಗಿ ಹೇಳಬೇಕು. ಒಂದನೇ ಕ್ಲಾಸಿನ ಮಗ್ಗಿ ಅಂತ ನಾನು ನಗುತ್ತಿದ್ದೆ. ಒಂದೇ ಸಲಕ್ಕೆ ಟ್ಯೂಬ್ ಕೂರುವುದನ್ನು ಮತ್ತೆ ಮತ್ತೆ ನೋಡಿದ ಮೇಲೆ ನಗು ನಿಂತಿತು.

ಅಮ್ಮಂದಿರು ಮಾತ್ರ ಗಾಜಿನ ಬಾಗಿಲಿನಾಚೆ.

ಆಗ ಹೆಗ್ಗದ್ದೆ ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಪುಟ್ಟ ಹುಡುಗಿಯೊಬ್ಬಳು ಬಂದಳು. ಪಕ್ಕೆ ಒಳಗೆ ಸೆಳೆಯುತ್ತಿತ್ತು, ತುಟಿ ನೀಲಿ. ಟ್ಯೂಬ್ ಹಾಕದೆ ಉಳಿಯುವಂತಿರಲಿಲ್ಲ. ಬಿಳಿ ಸೂಟಿನ ನಮ್ಮನ್ನು ಕಂಡು ಹೆದರಿ ಆಕ್ಸಿಜನ್ ಮಾಸ್ಕನ್ನು ಕಿತ್ತು ಕಿತ್ತು ಎಸೆದಳು. ಮೈಯಲ್ಲಿ ಆಕ್ಸಿಜನ್ ತುಂಬದೆ ಮಲಗಿಸುವ ಔಷಧಿ ಕೊಟ್ಟರೆ, ಟ್ಯೂಬ್ ಕೂರುವಷ್ಟರಲ್ಲಿ ಎದೆಬಡಿತವೇ ನಿಲ್ಲಬಹುದು.

“ಅವ್ಳು ನನ್ ಬುಟ್ಟು ಇರಾಕಿಲ್ಲ ಕಣಕ್ಕ, ಒಳಿಕ್ ಬುಡಿ,” ಅಂತ ಅಮ್ಮ ಗಾಜು ಬಡಿಯುತ್ತಿದ್ದಳು. ಮೇಡಂ ನನ್ನ ಕಡೆ ತಿರುಗಿ ಕಿವಿಗೆ ಕೈಯಿಟ್ಟು ಫೋನಿನ ಸನ್ನೆ ಮಾಡಿದರು. ವಾರ್ಡಿನ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದಿಂಬಿನ ಮೇಲಿಟ್ಟೆ. ಆಚೆಯಿದ್ದ ನರ್ಸ್ ಅದಕ್ಕೆ ಫೋನ್ ಮಾಡಿ ತನ್ನದನ್ನು ಅಮ್ಮನ ಕೈಗೆ ಕೊಟ್ಟಳು, ನಾನು ಸ್ಪೀಕರ್ ಒತ್ತಿದೆ.

ಅಮ್ಮ ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೋಳಿ ಕರೆದಳು!

“ಬಾ ಬಾ ಬಾ... ಬಿಳೀದು ಗೂಡಿಗ್ ಬಂತಾ ಮಗಾ? ಕೆಂಪಂದು ಎಲ್ಲೋಯ್ತು? ನೋಡವ್ವ.”

ಸಂಜೆ ಕೋಳಿ ಎಣಿಸಿ ಗೂಡಿಗೆ ಕೂಡುವುದು ಮನೆಯಲ್ಲಿ ಆ ಹುಡುಗಿಯ ಕೆಲಸವಂತೆ. ಒದ್ದಾಟ ನಿಂತಿತು. ಕೋಳಿ ಎಣಿಸುವಂತೆ ಬೆರಳು ಒಂದೊಂದೇ ಎದ್ದವು. ಮಾಸ್ಕ್ ಮುಖದ ಮೇಲೆ ಕೂತಿತು, ಮಾನಿಟರಿನಲ್ಲಿ ಆಕ್ಸಿಜನ್ ಏರಿತು. ಔಷಧಿ ಹೋಯಿತು, ಬೆರಳು ಸಡಿಲವಾದವು, ಮೇಡಂ ಒಂದೇ ಸಲಕ್ಕೆ ಟ್ಯೂಬ್ ಕೂರಿಸಿದರು. ಅಮ್ಮ ಇನ್ನೂ ಕೋಳಿ ಕರೆಯುತ್ತಲೇ ಇದ್ದಳು. ನಾನು ಗಾಜಿನ ಕಡೆ ತಿರುಗಿ ಹೆಬ್ಬೆರಳೆತ್ತಿ ತೋರಿಸಿದೆ.

ಟ್ಯೂಬ್ ತೆಗೆದು ವಾಸಿಯಾದ ಮೇಲೆ ಆ ಹುಡುಗಿ ತನ್ನ ಕಾಲ ಮೇಲೆ ನಡೆದೇ ಮನೆಗೆ ಹೋದಳು.

ಈಗ ಆ ಸೂಟುಗಳಿಲ್ಲ. ಮೇಡಂ ಮಾತ್ರ ಆ ಕಾಲದ ಶಿಸ್ತು ಬಿಟ್ಟಿಲ್ಲ: ಕಡಿಮೆ ಜನ, ಪಳಗಿದ ಕೈ ಮೊದಲು, ಕ್ಯಾಮೆರಾ, ಬಾಯಿಪಾಠ. ಕಲಿಯುವವರು ಮೊದಲು ಬೊಂಬೆಯ ಮೇಲೆ ಕಲಿತು ಬರಲಿ ಅನ್ನುತ್ತಾರೆ. ನಮ್ಮ ಮೇಡಂ ಮೇಲೆ ನನಗಿರುವ ಮೆಚ್ಚುಗೆ ಹೇಳಿ ಮುಗಿಯುವಂಥದ್ದಲ್ಲ. ಮೊನ್ನೆ ದೋಣಿಗಲ್ ಕಡೆಯ ಕೂಸೊಂದು ಬಂದಾಗ ಅದರ ತಾಯಿ ತಾನಾಗೇ ಬಾಗಿಲ ಕಡೆ ಹೊರಟಳು. ಮೇಡಂ ಅವಳ ತೋಳು ಹಿಡಿದು ದಿಂಬಿನ ಪಕ್ಕ ನಿಲ್ಲಿಸಿದರು.

“ಟ್ಯೂಬ್ ನಾನು. ಔಷಧಿ ಚಿಕ್ಕ ಡಾಕ್ಟರು. ಸಾಮಾನು ಸಿಸ್ಟರು. ಮಾತು ಅಮ್ಮಂದು. ಎಲ್ಲಿ, ನೀವೂ ಹೇಳಿ.”

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಮಾತು ನಂದು,” ಅಂದಳು.