ದರಗಿನ ಚೀಲ

ಅವರ ಉಗುರುಸಂದಿ ಸದಾ ಕಪ್ಪು. ಮಿಂದು, ದೇವರ ಮುಂದೆ ಕೈಮುಗಿದು ನಿಂತಾಗಲೂ ಅಷ್ಟು ಮಣ್ಣು ಅಲ್ಲೇ ಇರುತ್ತಿತ್ತು. ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯವರು. ನೆಂಟಸ್ತಿಕೆ ಏನಿಲ್ಲ, ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಜಯಪುರದ ತಂಗಿಯ ಮನೆಗೆ ಹೋದರೆ, ಬರುವಾಗ ಒಂದು ಚೀಲ ದರಗು, ಅಂದರೆ ಮರದಡಿ ಉದುರಿದ ಒಣಎಲೆ, ಬಸ್ಸಿಗೆ ಹೇರಿಕೊಂಡೇ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. “ಚೀಲಕ್ಕೆ ಲಗೇಜ್ ಟಿಕೆಟ್ ಮಾಡ್ಬೇಕು ದೊಡ್ಡಮ್ಮ” ಎಂದು ಕಂಡಕ್ಟರ್ ಕೆಣಕಿದ. “ದರಗಿಗೆ ಎಂತ ಟಿಕೆಟ್ ಮಾರಾಯ? ಜಾಸ್ತಿ ಮಾತಾಡಿದ್ರೆ ನಿನ್ನನ್ನೂ ಇದ್ರಲ್ಲೇ ತುಂಬ್ಕೊಂಡು ಹೋಗಿ ಗಿಡಕ್ಕೆ ಹಾಕ್ತೀನಿ” ಎಂದರು. ಬಸ್ಸೆಲ್ಲ ನಕ್ಕಿತು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನನ್ನ ಮಗು ಹುಟ್ಟಿ, ಅಳದೆಯೇ ಹೋಯಿತು. ಎಳೆಗೂಸನ್ನು ನಮ್ಮಲ್ಲಿ ಸುಡುವುದಿಲ್ಲ. ಹಿತ್ತಿಲ ಮೂಲೆಯಲ್ಲಿ ಮಣ್ಣು ಮಾಡಿದರು. ಮುಖ ನೋಡಲು ಬಿಟ್ಟರಲ್ಲ, ಅದೊಂದು ಪುಣ್ಯ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಬೋಳು ಕೆಂಪು ಮಣ್ಣು ಕಂಡೀತೆಂದು ನಾನು ಅಡಿಗೆಮನೆಯ ಕಿಟಕಿಯನ್ನೇ ತೆಗೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ತಾವಾಗಿ ಬಂದು, ನನ್ನನ್ನೂ ಹಿತ್ತಿಲಿಗೆ ಕರೆದು, ದರಗಿನ ಚೀಲವನ್ನು ಆ ಮಣ್ಣಿನ ಮೇಲೆ ಸುರಿದರು. ಮಗುವಿನ ಹೊದಿಕೆ ಸರಿಮಾಡುವ ಹಾಗೆ ಕೈಯಿಂದ ಹರವಿದರು. “ಬರಿಮೈಲಿ ಬಿಡಬಾರ್ದು ಮಾರಾಯ್ತಿ” ಎಂದರು, ಅಷ್ಟೇ. ದರಗು ಕೊಳೆತು ಕುಗ್ಗಿದಂತೆಲ್ಲ ಮತ್ತೆ ತಂದು ಹಾಕಿದರು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣು ಕಪ್ಪಾಗಿ, ಎರೆಹುಳ ಬಂದು, ಬೆರಳಿಟ್ಟರೆ ಇಳಿಯುವಷ್ಟು ಮೆತ್ತಗಾಯಿತು. ಅವರೇ ಅಲ್ಲೊಂದು ದಾಸವಾಳದ ಕಡ್ಡಿ ಊರಿದರು.

ಅದು ಹೂ ಬಿಟ್ಟಾಗ ಕೊಯ್ಯಲು ನನಗೆ ಕೈ ಬರಲಿಲ್ಲ.

“ಅಲ್ಲಿಯ ಹೂ ದೇವರಿಗೆ ಆಗ್ತದಾ ದೊಡ್ಡಮ್ಮ?”

ಅವರು ಗಿಡದ ಬುಡಕ್ಕೆ ದರಗು ಸರಿಸುತ್ತಾ ಹೇಳಿದರು, “ನಿನ್ನ ಮಗು ಆಯ್ತಲ್ಲ ಅವನಿಗೆ. ಹೂ ಎಂತಕ್ಕೆ ಆಗೂದಿಲ್ಲ?”

ಅಲ್ಲಿಯವರೆಗೆ ಬಾರದ ಅಳು ಆವತ್ತು ಬಂತು. ಅವರು ಸುಮ್ಮನಿರು ಎನ್ನಲಿಲ್ಲ. ಪಕ್ಕದಲ್ಲಿ ಕೂತು ಕಳೆ ಕೀಳುತ್ತಿದ್ದರು. ಅತ್ತು ಮುಗಿದ ಮೇಲೆ ಹೂ ಕೊಯ್ದು ದೇವರಿಗಿಟ್ಟೆ.

ನನಗೆ ಮತ್ತೆ ಮಕ್ಕಳಾಗಲಿಲ್ಲ. ದೊಡ್ಡಮ್ಮನೂ ಒಂದು ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟರು. ಕೊನೆಯ ಸ್ನಾನ ಮಾಡಿಸುವಾಗ ಒಬ್ಬರು ಅವರ ಉಗುರು ತಿಕ್ಕಲು ಹೊರಟರು. “ಅದು ಹಾಗೇ ಇರ್ಲಿ” ಎಂದೆ.

ಈಗ ದರಗಿನ ಚೀಲ ನಾನು ತರುತ್ತೇನೆ. ದೇವರ ಮೇಲಿನ ಬಾಡಿದ ಹೂವನ್ನು ಬೆಳಿಗ್ಗೆ ತೆಗೆದು ಅದೇ ಬುಡಕ್ಕೆ ಹಾಕುತ್ತೇನೆ. ಅಡಿಗೆಮನೆಯ ಕಿಟಕಿ ತೆರೆದೇ ಇರುತ್ತದೆ.